ಹೆಗ್ಗೆಣಸು ಮಂಡಳಿಯ ಮೈಲೇಜು ಪ್ರಕರಣ

ಕ್ಲಾರೆಂಡನ್ ಪ್ರಾಂತದ ಹೆಗ್ಗೆಣಸು ಅಭಿವೃದ್ಧಿ ಮಂಡಳಿಯ ಏಕೈಕ ಹೈಬ್ರಿಡ್ ಕಾರು ಲೀಟರಿಗೆ ಹದಿನಾರು ಕಿಲೋಮೀಟರು ಓಡುತ್ತದೆ ಎಂಬ ಸಂಗತಿಯನ್ನು ಮಂಡಳಿಯ ನೂರ ನಾಲ್ಕನೆಯ ಸಭೆ ಸರ್ವಾನುಮತದಿಂದ ದಾಖಲಿಸಿಕೊಂಡಿತು. ಅದು ಸುಳ್ಳೆಂದು ಗೊತ್ತಿದ್ದವನು ಡ್ರೈವರ್ ಲಾಸೆಲ್ಸ್ ಪಿನಾಕ್ ಒಬ್ಬನೇ. ಡ್ರೈವರಿಗೆ ಸಭೆಯಲ್ಲಿ ಕುರ್ಚಿ ಇರದ ಕಾರಣ ಅವನ ಅಭಿಪ್ರಾಯ ದಾಖಲಾಗಲಿಲ್ಲ. ಕಾರು ನಿಜವಾಗಿ ಓಡುತ್ತಿದ್ದದ್ದು ಹನ್ನೊಂದು.

ಅದರಲ್ಲಿ ಕಾರಿನ ತಪ್ಪೇನೂ ಇರಲಿಲ್ಲ. ನಿಂತಾಗ ಎಂಜಿನ್ ಆರಿಸಿಕೊಂಡು ಬ್ಯಾಟರಿಯ ಮೇಲೆ ಸುಮ್ಮನಿರುವುದು ಹೈಬ್ರಿಡ್ ಕಾರಿನ ಹುಟ್ಟುಗುಣ. ಆದರೆ ನಿರ್ದೇಶಕರಾದ ಶ್ರೀ ಈಗರ್ಟನ್ ಫೇಸಿಯವರು ಮೇ ಪೆನ್ ಪೇಟೆಯಲ್ಲಿ ಪ್ಯಾಟಿ ಎಂಬ ಖಾರದ ಕಡುಬು ಮಾರುವ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿ, ಹಿಂದಿನ ಸೀಟಿನಲ್ಲಿ ಒರಗಿ, "ಇನ್ನೂ ತಂಪು ಮಾಡೋ ಪಿನಾಕ್, ಇನ್ನೂ" ಎನ್ನುತ್ತ ಎರಡೆರಡು ಗಂಟೆ ಕಡತ ನೋಡುತ್ತಿದ್ದರು. ಎ.ಸಿ. ಬ್ಯಾಟರಿಯನ್ನು ಹೀರಿ ಬರಿದು ಮಾಡುತ್ತಿತ್ತು, ಎಂಜಿನ್ ಎದ್ದು ಗೊಣಗುತ್ತ ಬ್ಯಾಟರಿಗೆ ಮತ್ತೆ ಉಣಿಸುತ್ತಿತ್ತು. ಹೀಗೆ ಕಾರು ಒಂದಂಗುಲ ಕದಲದೆ ಪೆಟ್ರೋಲು ಕುಡಿಯುತ್ತಿತ್ತು.

ರಾಜಧಾನಿ ಕಿಂಗ್‌ಸ್ಟನ್ನಿನ ಇಂಧನ ಮಿತವ್ಯಯ ನಿರ್ದೇಶನಾಲಯದ ಸುತ್ತೋಲೆ ಬರುವ ತನಕ ಇದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಮೂರು ತಿಂಗಳ ಲೆಕ್ಕದಲ್ಲಿ ಲೀಟರಿಗೆ ಇಪ್ಪತ್ತಕ್ಕಿಂತ ಕಡಿಮೆ ಓಡುವ ಸರ್ಕಾರಿ ಹೈಬ್ರಿಡ್ ಕಾರನ್ನು ಹಿಂದಕ್ಕೆ ಪಡೆಯಲಾಗುವುದು, ಅದರ ಡ್ರೈವರ್ ಹುದ್ದೆಯನ್ನು ರದ್ದುಗೊಳಿಸಲಾಗುವುದು ಎಂದಿತ್ತು ಅದರಲ್ಲಿ. ಪಿನಾಕ್‌ಗೆ ಪಿಂಚಣಿಗೆ ಹತ್ತೊಂಬತ್ತು ತಿಂಗಳು ಬಾಕಿ. ಸುತ್ತೋಲೆ ಓದಿದ ದಿನ ಅವನಿಗೆ ಊಟ ಸೇರಲಿಲ್ಲ.

ಸುತ್ತೋಲೆಯ ಜೊತೆಗೆ ಬಂದ ನಮೂನೆಯಲ್ಲಿ "ಕಾರಿನ ಫಲಕದಲ್ಲಿ ಕಾಣುವ ಅಂಕಿ" ಎಂಬ ಒಂದು ಖಾನೆ ಇತ್ತು. ಜಪಾನಿನಲ್ಲಿ ಹತ್ತು ವರ್ಷ ಓಡಿಸಿ ಬೇಡವಾಗಿ ನಮ್ಮ ದ್ವೀಪಕ್ಕೆ ಬರುವ ಕಾರುಗಳನ್ನು ನಾವು ಗಡಿಪಾರು ಎಂದೇ ಕರೆಯುವುದು. ಮಂಡಳಿಯದೂ ಅಂಥದೇ ಒಂದು ಗಡಿಪಾರು. ಕೀಲಿ ತಿರುಗಿಸಿದರೆ ಒಬ್ಬ ಹೆಂಗಸು ಜಪಾನಿಯಲ್ಲಿ ಏನೋ ಹೇಳುತ್ತಿದ್ದಳು. ಫೇಸಿಯವರು ತಪ್ಪದೆ "ನಿಮಗೂ ಶುಭೋದಯ ತಾಯಿ" ಎನ್ನುತ್ತಿದ್ದರು. ಫಲಕದ ತುಂಬ ಜಪಾನಿ ಅಕ್ಷರ. ದೊಡ್ಡದಾಗಿ, ಹಸಿರಾಗಿ, ಓದಲು ಬರುವಂತೆ ಇದ್ದದ್ದು ಒಂದೇ ಅಂಕಿ. ಗುಮಾಸ್ತೆ ಮಿಸ್ ಐಸಿಲ್ಡಾ ಕನ್ನಡಕ ಏರಿಸಿ ಬಗ್ಗಿ ನೋಡಿ, ಹದಿನಾರು ಎಂದು ಬರೆದುಕೊಂಡಳು.

"ಮಿಸ್ ಐಸಿಲ್ಡಾ, ಅದು ಎ.ಸಿ. ಅಂಕಿ," ಎಂದ ಪಿನಾಕ್.

"ನಮೂನೇಲಿ ಎ.ಸಿ.ಗೆ ಖಾನೆ ಇಲ್ಲ ಕಣಪ್ಪಾ," ಎಂದಳು ಅವಳು. "ಮೈಲೇಜಿಗೆ ಇದೆ. ನಾನೇನು ಮಾಡ್ಲಿ?"

ಹುದ್ದೆ ಹೋಗುವುದು ಹೇಗೂ ಖಚಿತವಾದ ಮೇಲೆ ನಿಜವನ್ನಾದರೂ ಹೇಳಿ ಹೋಗೋಣವೆಂದು ಪಿನಾಕ್ ನಿರ್ದೇಶಕರ ಕೋಣೆಗೆ ಹೋದ.

"ನಿನಗೆ ಜಪಾನಿ ಓದೋಕೆ ಬರುತ್ತಾ?" ಎಂದರು ಫೇಸಿಯವರು.

"ಇಲ್ಲ ಸಾರ್."

"ಮತ್ತೆ ಅದು ಎ.ಸಿ. ಅಂಕಿ ಅಂತ ಹೇಗೆ ಹೇಳ್ತೀಯಾ?"

"ಎ.ಸಿ. ಗುಂಡಿ ತಿರುಗಿಸಿದ್ರೆ ಅದು ಬದಲಾಗುತ್ತೆ ಸಾರ್."

ಫೇಸಿಯವರು ಪೆನ್ನು ಕೆಳಗಿಟ್ಟರು. "ಬದಲಾಗುತ್ತಾ? ಮೇಲಕ್ಕೂ ಹೋಗುತ್ತಾ?"

"ಮೂವತ್ತೆರಡರ ತನಕ ಹೋಗುತ್ತೆ ಸಾರ್. ಆದ್ರೆ ಅದು..."

"ಅಯ್ಯೋ ನಿನ್ನ! ಗುಂಡಿ ತಿರುಗಿಸಿದ್ರೆ ಮೈಲೇಜು ಎರಡರಷ್ಟಾಗುತ್ತೆ ಅಂತ ಗೊತ್ತಿದ್ದೂ ಇಷ್ಟು ತಿಂಗಳು ಬಾಯಿ ಮುಚ್ಕೊಂಡಿದ್ದೆಯಾ? ದೇಶದ ಪೆಟ್ರೋಲೇನು ನಿಮ್ಮಪ್ಪನ ಮನೇದಾ?"

ಗುಂಡಿ ತಿರುಗಿಸದೆ ಕರ್ತವ್ಯಲೋಪ ಎಸಗಿದ್ದಕ್ಕಾಗಿ ಪಿನಾಕ್‌ಗೆ ಲಿಖಿತ ಎಚ್ಚರಿಕೆ ಕೊಡಲಾಯಿತು. ಮರುದಿನ ಅವನು ಇಪ್ಪತ್ತನಾಲ್ಕಕ್ಕೆ ಇಟ್ಟ. ವಾರ ಕಳೆದು ಇಪ್ಪತ್ತೆಂಟು. ತಿಂಗಳ ಕೊನೆಗೆ ಮೂವತ್ತೆರಡು. ವಿಚಿತ್ರವೆಂದರೆ, ಎ.ಸಿ. ಕೆಲಸ ಕಡಿಮೆ ಮಾಡಿದಂತೆ ಕಾರಿನ ನಿಜವಾದ ಮೈಲೇಜೂ ಏರಿ ಹತ್ತೊಂಬತ್ತಕ್ಕೆ ಬಂದು ನಿಂತಿತು. ಸುಳ್ಳು ಏರಿದಷ್ಟೂ ನಿಜವೂ ಏರುತ್ತಿದ್ದುದು ಪಿನಾಕ್‌ನನ್ನು ಬಹಳ ಗೊಂದಲಕ್ಕೆ ಕೆಡವಿತು. ಅವನು ಪ್ರಾಮಾಣಿಕ ಮನುಷ್ಯ; ಆದರೆ ಅವನ ಪ್ರಾಮಾಣಿಕತೆಗೆ ಒಂದು ಕಿಲೋಮೀಟರು ಕಡಿಮೆ ಬೀಳುತ್ತಿತ್ತು.

ಸಾಧನೆಯನ್ನು ಕಾಪಾಡುವ ಸಲುವಾಗಿ ಮಂಡಳಿ ನಿಯಮಗಳನ್ನು ಹೊರಡಿಸಿತು. ಕಾರಿನಲ್ಲಿ ಪ್ರಯಾಣಿಸುವವರು ಕಿಟಕಿ ತೆರೆಯತಕ್ಕದ್ದಲ್ಲ, ಹೊರಗಿನ ಗಾಳಿ ಒಳಬಂದರೆ ಮೈಲೇಜು ಹೊರಗೆ ಹೋಗುವ ಸಂಭವವಿದೆ. ಪ್ರಯಾಣದಲ್ಲಿ ಸುರಿಯುವ ಬೆವರು ಮಂಡಳಿಯ ಸೇವೆಯಲ್ಲಿ ಸುರಿದದ್ದೆಂದು ಪರಿಗಣಿಸಲಾಗುವುದು. ತಲಾ ಒಂದು ಟವೆಲು ಮತ್ತು ಎರಡು ಎಳನೀರು ಮಂಜೂರು. ಫ್ರಾಂಕ್‌ಫೀಲ್ಡಿನ ತೋಟ ನೋಡಲು ಬಂದಿದ್ದ ಹೆಗ್ಗೆಣಸು ತಜ್ಞರೊಬ್ಬರು ಅರ್ಧದಾರಿಯಲ್ಲೇ ಪ್ರಜ್ಞೆ ತಪ್ಪಿದರು. ಭೇಟಿಯ ವರದಿಯಲ್ಲಿ "ಮಂಡಳಿಯ ಇಂಧನ ಉಳಿತಾಯ ಕಂಡು ಅತಿಥಿಗಳು ಮೂಕವಿಸ್ಮಿತರಾದರು" ಎಂದು ಬರೆಯಲಾಯಿತು.

ಫೇಸಿಯವರು ಎರಡೇ ತಿಂಗಳಲ್ಲಿ ಆರು ಕಿಲೋ ಇಳಿದು, ಹೊಸ ಬೆಲ್ಟು ಕೊಂಡು, ಲವಲವಿಕೆಯಿಂದ ಓಡಾಡತೊಡಗಿದರು. ಪ್ಯಾಟಿ ಅಂಗಡಿಯ ಮುಂದೆ ಕಾರು ನಿಲ್ಲಿಸುವುದು ನಿಂತಿತು, ಏಕೆಂದರೆ ಬಿಸಿ ಪ್ಯಾಟಿಗಿಂತ ಕಾರು ಬಿಸಿಯಾಗಿತ್ತು. ಪಿನಾಕ್ ಉಸಿರು ಬಿಟ್ಟ. ಇನ್ನು ಹದಿನೈದು ತಿಂಗಳು ಹೀಗೆ ಬೆಂದರೆ ಸಾಕಿತ್ತು.

ಅಷ್ಟರಲ್ಲಿ ಕಿಂಗ್‌ಸ್ಟನ್ನಿನಿಂದ ಎರಡನೆಯ ಪತ್ರ ಬಂತು. ಕರಾವಳಿಯ ಮೀನುಮರಿ ಮಂಡಳಿಯ ಕಾರು ಲೀಟರಿಗೆ ತೊಂಬತ್ತು ಕೊಡುತ್ತಿರುವಾಗ ನಿಮ್ಮದು ಕೇವಲ ಮೂವತ್ತೆರಡು ಕೊಡುತ್ತಿರುವುದು ಏಕೆ? ಅಸಮರ್ಥತೆಯ ಬಗ್ಗೆ ತನಿಖೆಗೆ ಎಂಜಿನಿಯರ್ ಒಬ್ಬರನ್ನು ಕಳಿಸಲಾಗುತ್ತಿದೆ. ಕನಿಷ್ಠ ಮಿತಿಯನ್ನು ಅರವತ್ತಕ್ಕೆ ಏರಿಸಲಾಗಿದೆ.

"ತೊಂಬತ್ತಂತೆ!" ಎಂದು ಫೇಸಿಯವರು ಮೇಜು ಗುದ್ದಿದರು. "ಮೀನಿನವರಿಗೆ ಸಾಧ್ಯವಾಗಿದ್ದು ನಮಗೆ ಯಾಕಾಗಲ್ಲ? ಇನ್ನೂ ಜೋರಾಗಿ ತಿರುಗಿಸೋ ಪಿನಾಕ್!"

ಪಿನಾಕ್ ತಿರುಗಿಸಿ ತಿರುಗಿಸಿ ಗುಂಡಿಯೇ ಕಿತ್ತು ಕೈಗೆ ಬಂತು. ಅಂಕಿ ಮೂವತ್ತೆರಡರಿಂದ ಅಲುಗಲಿಲ್ಲ. ಅವನ ಪಿಂಚಣಿಯ ಆಸೆ ತಣ್ಣಗಾಯಿತು; ಆ ಕಾರಿನಲ್ಲಿ ಅಷ್ಟು ತಿಂಗಳಲ್ಲಿ ತಣ್ಣಗಾದದ್ದು ಅದೊಂದೇ.

ತನಿಖೆಗೆ ಬಂದ ಎಂಜಿನಿಯರ್ ತಮೆಕಾ ಬೆಕ್‌ಫರ್ಡ್ ಇಪ್ಪತ್ತೇಳರ ಹುಡುಗಿ. ಮುಂದಿನ ಸೀಟಿನಲ್ಲಿ ಕೂತು ಫಲಕವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಪಿನಾಕ್‌ನನ್ನು ನೋಡಿದಳು.

"ಮಿಸ್ಟರ್ ಪಿನಾಕ್, ಇದು ಎ.ಸಿ. ಅಂಕಿ ಅಲ್ವಾ?"

ಪಿನಾಕ್‌ಗೆ ಅಳು ಬಂದಂತಾಯಿತು. ಕಡೆಗೂ ಒಬ್ಬರು ಸಿಕ್ಕಿದರಲ್ಲ! "ಹೌದು ತಾಯಿ! ನಾನು ಮೊದಲ ದಿನದಿಂದ ಬಡ್ಕೊಳ್ತಾ ಇದ್ದೀನಿ. ನಿಜವಾದ ಲೆಕ್ಕ ಹತ್ತೊಂಬತ್ತು. ಎ.ಸಿ. ಹಾಕಿ ನಿಲ್ಲಿಸ್ತಾ ಇದ್ದಾಗ ಹನ್ನೊಂದಿತ್ತು. ಬರ್ಕೊಳ್ಳಿ, ನನ್ನ ಕೆಲಸ ಹೋದ್ರೂ ಹೋಗ್ಲಿ!"

ಅವಳು ಬರೆದುಕೊಳ್ಳಲಿಲ್ಲ. "ನಾನೂ ಒಂದ್ಸಲ ಬರ್ದೆ," ಎಂದಳು. "ಮೀನಿನವರ ಕಾರು ನೋಡಿ ಬಂದು ಬರ್ದೆ. ನಮ್ಮ ಸಾಹೇಬರು ಏನಂದ್ರು ಗೊತ್ತಾ? ತೊಂಬತ್ತು ಅಂತ ವಾರ್ಷಿಕ ವರದಿ ಪುಸ್ತಕದಲ್ಲಿ ಆಗ್ಲೇ ಅಚ್ಚಾಗಿದೆಯಮ್ಮ, ಮುಖಪುಟ ನಾಲ್ಕು ಬಣ್ಣದ್ದು, ಅಂದ್ರು."

"ಮತ್ತೆ ನನ್ನ ಗತಿ?"

"ಪಿಂಚಣಿಗೆ ಎಷ್ಟು ದಿನ ಇದೆ?"

"ಹದಿನೈದು ತಿಂಗಳು."

ಹುಡುಗಿ ಹಣೆಯ ಬೆವರು ಒರೆಸಿಕೊಂಡಳು. ಆಮೇಲೆ ಫಲಕದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದಳು. ಕಾರಿನ ಹೆಂಗಸು ಜಪಾನಿಯಲ್ಲಿ ಏನೋ ಹೇಳಿದಳು. ಸೆಲ್ಸಿಯಸ್ ಹೋಗಿ ಫ್ಯಾರನ್‌ಹೀಟ್ ಬಂತು. ಹಸಿರು ಅಂಕಿ ಕಣ್ಣು ಮಿಟುಕಿಸಿ, ತೊಂಬತ್ತಕ್ಕೆ ನಿಂತಿತು.

"ಪಿನಾಕ್!" ಎಂದು ಕಿಟಕಿಯ ಹೊರಗಿನಿಂದ ಇಣುಕುತ್ತಿದ್ದ ಫೇಸಿಯವರು ಕೂಗಿದರು. "ನೋಡಿದೆಯಾ? ಓದಿದವರು ಅಂದ್ರೆ ಹೀಗಿರ್ಬೇಕು!"

ಆ ವರ್ಷದ ಮಿತವ್ಯಯ ಪ್ರಶಸ್ತಿಯನ್ನು ಎರಡೂ ಮಂಡಳಿಗಳು ಹಂಚಿಕೊಂಡವು. ಪಿನಾಕ್‌ನ ಹುದ್ದೆ ಖಾಯಂ ಎಂದು ಮೊಹರು ಒತ್ತಿದ ಪತ್ರ ಬಂತು. ಒಂದೇ ಅಂಕಿಗೆ ಸರ್ಕಾರದಲ್ಲಿ ಉಷ್ಣಾಂಶ, ಮೈಲೇಜು ಎಂದು ಎರಡು ಹೆಸರಿರುವುದು ಗೊಂದಲಕ್ಕೆ ಕಾರಣವಾಗುತ್ತದೆಂದು ನಿರ್ದೇಶನಾಲಯ ಎಲ್ಲ ಇಲಾಖೆಗಳಿಗೂ ಏಕರೂಪತೆಯ ಆದೇಶ ಕಳಿಸಿತು.

ಪತ್ರ ಬಂದ ಸಂಜೆ ಪಿನಾಕ್ ಅಂಗಿ ಕಳಚಿ ಜಗುಲಿಯಲ್ಲಿ ಕೂತಿದ್ದ. ಹೆಂಡತಿ ನರ್ಲೀನ್ ತೊಗರಿಕಾಯಿ ಸುಲಿಯುತ್ತಿದ್ದಳು. ರೇಡಿಯೋದಲ್ಲಿ ಹವಾಮಾನ ವರದಿ ಬರುತ್ತಿತ್ತು: "ನಾಳೆ ಮೇ ಪೆನ್ ಮತ್ತು ಸುತ್ತಮುತ್ತ ಶುಭ್ರ ಆಕಾಶವಿದ್ದು, ಮಧ್ಯಾಹ್ನದ ಹೊತ್ತಿಗೆ ಲೀಟರಿಗೆ ತೊಂಬತ್ತಮೂರು ಕಿಲೋಮೀಟರು ಇರುವ ಸಾಧ್ಯತೆಯಿದೆ."

ಪಿನಾಕ್ ಹೆಂಡತಿಯ ಮುಖ ನೋಡಿದ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಿ ಆಕಾಶದ ಕಡೆ ನೋಡಿದಳು.

"ಹಾಗಾದ್ರೆ ನಾಳೆ ಹೊದಿಕೆ ಒಗೆದು ಹಾಕ್ತೀನಿ," ಎಂದಳು. "ಸಂಜೆಯೊಳಗೆ ಒಣಗುತ್ತೆ."