ಪದಸೂಚಿಯಲ್ಲಿ ಸಾವಿಗೆ ಜಾಗವಿಲ್ಲ

ಕೈಪಿಡಿಯ ಕೊನೆಯಲ್ಲಿ ಪದಸೂಚಿ ಇರುವುದು ಕಷ್ಟದಲ್ಲಿರುವವರಿಗಾಗಿ. ಸುಖವಾಗಿರುವವನು ಕೈಪಿಡಿ ಬಿಚ್ಚುವುದೇ ಇಲ್ಲ. ಇಷ್ಟು ಸಣ್ಣ ಮಾತು ರಾಯಚೂರಿನ ನಮ್ಮ ಆಫೀಸಿನಲ್ಲಿ ಯಾರ ತಲೆಗೂ ಹೋಗುವುದಿಲ್ಲ ಎಂಬುದೇ ನನ್ನ ಸಿಟ್ಟು. ಹೆಂಡತಿ ತೀರಿಹೋದ ಮೇಲೆ ನನಗೆ ಸಿಟ್ಟು ಜಾಸ್ತಿಯಾಗಿದೆ ಎನ್ನುತ್ತಾರೆ. ಆಗಿದೆ. ಅದಕ್ಕೇನೀಗ? ನಾವು ಅಕ್ಕಿ ಗಿರಣಿಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಕೈಪಿಡಿ ಬರೆಯುವವನು ನಾನು. ಪದಸೂಚಿಯಲ್ಲಿ ಏನಿರಬೇಕೆಂದು ಹೇಳುವವರು ಮಾಲಕರು. ಹಾಗಾಗಿ ಅದರಲ್ಲಿ ‘ಸ್ವಾಗತ’ ಇದೆ, ‘ನಮ್ಮ ಧ್ಯೇಯ’ ಇದೆ, ಮಾಲಕರ ಹೆಸರಂತೂ ಇದ್ದೇ ಇದೆ.

ಮೊನ್ನೆ ಮಾನ್ವಿಯ ಗಿರಣಿಯಿಂದ ಗುಮಾಸ್ತ ಖಾಜಾಸಾಬರ ಫೋನು.

“ಸರ, ನಮಗ ಭತ್ತ ಹಾಕೋ ಹಿರೇಕೊಟ್ನೆಕಲ್ಲಿನ ಯಜಮಾನ್ರೊಬ್ರು ತೀರಿಕೊಂಡ್ರು. ನಿಮ್ಮ ಸಾಫ್ಟ್‌ವೇರು ದಿನಾ ಮುಂಜಾನಿ ಅವರ ಮೊಬೈಲಿಗೆ ‘ಭತ್ತ ಯಾವಾಗ ತರ್ತೀರಿ’ ಅಂತ ಕೇಳಾಕತ್ತದ. ಪಾಪ, ಅವರ ಹೆಂಡ್ತಿ ಮೊಬೈಲ್ ಹಿಡಕೊಂಡು ಬಂದು ನನ್ನ ಮುಂದ ಕುಂತು ಅಳಾಕತ್ತಾರ. ‘ಸ’ದಾಗ ನೋಡಿದೆ, ‘ತ’ದಾಗ ನೋಡಿದೆ. ನಿಮ್ಮ ಪುಸ್ತಕದಾಗ ಮಂದಿ ಸಾಯಾದೇ ಇಲ್ಲೇನ್ರಿ?”

ಸಾಯುತ್ತಾರೆ. ಆದರೆ ‘ಖಾತೆ ನಿಷ್ಕ್ರಿಯಗೊಳಿಸುವಿಕೆ’ ಎಂಬ ಹೆಸರಿನಲ್ಲಿ. ಅಳುವವರನ್ನು ಮುಂದೆ ಕೂರಿಸಿಕೊಂಡು ಯಾವ ಪುಣ್ಯಾತ್ಮ ಆ ಪದ ಹುಡುಕುತ್ತಾನೆ? ಖಾಜಾಸಾಬರಿಗೆ ಫೋನಿನಲ್ಲೇ ದಾರಿ ಹೇಳಿ, ನೇರ ಮಾಲಕರ ಕೋಣೆಗೆ ಹೋಗಿ ‘ಸಾವು’ ಸೇರಿಸಬೇಕೆಂದೆ.

“ಲೇ ಯಪ್ಪಾ, ದೀಪಾವಳಿಗೆ ಗಿರಣ್ಯಾಗ ಆ ಪುಸ್ತಕಕ್ಕ ಕುಂಕುಮ ಹಚ್ಚಿ ಪೂಜಿ ಮಾಡ್ತಾರ. ಅದ್ರಾಗ ಸಾವು ಅಂತ ಬರೀತಿಯೇನು?”

“ಪೂಜಿ ಮಾಡೋ ಮನ್ಯಾಗ ಯಾರೂ ಸಾಯಂಗಿಲ್ಲೇನ್ರಿ? ನಮ್ಮಾಕಿ ದಿನಾ ಮಾಡ್ತಿದ್ಲು.”

ಮಾಲಕರು ಮೇಜಿನ ಮೇಲಿದ್ದ ಕೈಪಿಡಿಯನ್ನು ನನ್ನ ಕಡೆ ಸರಿಸಿದರು. “ಹಾಕು. ಆದ್ರ ಸಣ್ಣ ಅಕ್ಷರದಾಗ ಹಾಕು.”

ಪದಸೂಚಿಯೆಲ್ಲ ಸಣ್ಣ ಅಕ್ಷರದಲ್ಲೇ ಇರುತ್ತದೆಂದು ನಾನು ಹೇಳಲಿಲ್ಲ. ‘ಸಾವು’ ಹಾಕಿದೆ, ‘ತೀರಿಕೊಂಡವರು’ ಹಾಕಿದೆ, ‘ಲಿಂಗೈಕ್ಯ’ ಹಾಕಿದೆ, ಖಾಜಾಸಾಬರ ಮನೆಮಾತಿನ ‘ಇಂತಕಾಲ್’ ಕೂಡ ಹಾಕಿದೆ. ಯಾವ ಬಾಗಿಲಿನಿಂದ ಬಂದರೂ ಅದೇ ಪುಟ.

ಗೆದ್ದ ಹುಮ್ಮಸ್ಸಿನಲ್ಲಿ, ಹೆಸರು ತೆಗೆದ ಮೇಲೆ ಪರದೆ ಹೇಗೆ ಕಾಣುತ್ತದೆಂಬ ಚಿತ್ರ ಮಾಡಲು ಕೂತೆ. ಕೈಪಿಡಿಯ ಚಿತ್ರಗಳಲ್ಲೆಲ್ಲ ಮಾದರಿ ರೈತರ ಹೆಸರು ಒಂದೇ: ಶರಣಮ್ಮ, ದೇವದುರ್ಗ. ನನ್ನ ಹೆಂಡತಿ, ಅವಳ ತವರು. “ನನ್ನ ಹೆಸರ್ಲೆ ಒಂದೀಟು ಭತ್ತರ ಬೆಳೀಲಿ ಬಿಡ್ರಿ” ಎಂದು ಆಗ ನಕ್ಕಿದ್ದಳು. ಪರದೆ ಕೇಳಿತು: ‘ಶರಣಮ್ಮ ಅವರನ್ನು ತೆಗೆದುಹಾಕಬೇಕೇ?’ ಬೇರೆ ಹೆಸರು ಹಾಕಬಹುದಿತ್ತು. ಯಾರದು ಹಾಕಲಿ? ಮಾಲಕರದು ನೆನಪಾಯಿತು, ಪಾಪ, ಬಿಟ್ಟೆ.

‘ಬೇಡ’ ಒತ್ತಿದೆ. ಕೈಪಿಡಿ ಅಚ್ಚಿಗೆ ಹೋಯಿತು. ಸಾವು ಎಲ್ಲಿದೆ ಎಂದು ಪದಸೂಚಿ ಈಗ ಸರಿಯಾಗಿ ಹೇಳುತ್ತದೆ. ಆ ಪುಟದಲ್ಲಿ ಮಾತ್ರ ಚಿತ್ರವಿಲ್ಲ. ಚಿತ್ರ ಬಿಟ್ಟ ಶ್ಯಾಣ್ಯಾ ಯಾರೆಂದು ಖಾಜಾಸಾಬರು ಬೈದರೆ, ಈ ಸಲ ನಾನು ಸಿಟ್ಟು ಮಾಡುವುದಿಲ್ಲ.