ಆಶ್ವಯುಜದ ಮುಂದಿನ ಮೆಟ್ಟಿಲು

ದಸರಾ ಬಂತೆಂದರೆ ನಮ್ಮ ಮನೆಯಲ್ಲಿ ಯಾರಾದರೊಬ್ಬರು ಮೆಟ್ಟಿಲಿನ ಹತ್ತಿರ ಪೇಚಿಗೆ ಸಿಕ್ಕಿಕೊಳ್ಳುವುದು ತಪ್ಪಿದ್ದಲ್ಲ. ಮೆಟ್ಟಿಲು ದೊಡ್ಡದೇನಲ್ಲ, ಎರಡು ಗೇಣು ಎತ್ತರ. ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಕೆಳಗೆ ನಾನೊಂದು ಪುಟ್ಟ ಮನೆ ಇಡುತ್ತೇನೆ. ಅದರ ಅಟ್ಟಕ್ಕೆ ಹೋಗುವ ಮೆಟ್ಟಿಲು ಅದು.

ಆ ಮನೆ ತಿರುಮಕೂಡಲು ನರಸೀಪುರದಲ್ಲಿದ್ದ ನನ್ನ ತವರುಮನೆಯ ಪ್ರತಿ. ತೊಂಬತ್ತೈದರ ಬೇಸಿಗೆಯಲ್ಲಿ ಅಣ್ಣ ಅದನ್ನು ಕೆಡವಿಸಿ ತಾರಸಿ ಮನೆ ಕಟ್ಟಿಸಿದ. ಕೆಡವುವ ಮುಂಚೆ ನಾನು ಕೇಳಿದ್ದು ಒಂದೇ. ಪಾಲು ಬೇಡ, ಪಾತ್ರೆ ಬೇಡ, ಅಟ್ಟದ ಆ ಮರದ ಮೆಟ್ಟಿಲು ಕೊಡು ಅಂದೆ. "ನಂಜನಗೂಡಿನ ಬಾಡಿಗೆ ಮನೇಲಿ ಮೆಟ್ಟಿಲು ಎಲ್ಲಿಟ್ಕೋತೀಯೇ?" ಎಂದು ನಕ್ಕುಬಿಟ್ಟ. ನಾನು ಅವನ ಜೊತೆ ಮಾತು ಬಿಟ್ಟೆ. ಆ ವರ್ಷವೇ ಮೆಟ್ಟಿಲು ಕಟ್ಟಲು ಕೂತೆ.

ಮೈಸೂರಿನಲ್ಲಿ ಬಿ.ಎ. ಓದಿದವಳು ನಾನು. ಯಾವ ಗೊಂಬೆ ಎಲ್ಲಿ ಕೂತಿತ್ತು, ಯಾರು ನೋಡಲು ಬಂದರು, ಯಾವ ಸಂಜೆ ಮಕ್ಕಳಿಗೆ ಯಾವ ತಿಂಡಿಯ ಚರಪು ಹಂಚಿದೆ, ಎಲ್ಲವೂ ವರ್ಷವಾರು ನೋಟ್ ಪುಸ್ತಕದಲ್ಲಿದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಉಪ್ಪುಖಾರ ಹಚ್ಚಿದ್ದು ಏನೂ ಇಲ್ಲ.

೧. ಕಡ್ಡಿಯ ಮಹಿಮೆ

ಮೆಟ್ಟಿಲಿನ ಪಕ್ಕದ ಕಟಕಟೆಗೆ ಸಣ್ಣ ಕಂಬಿಗಳು ಬೇಕಾಗಿದ್ದವು. ಉರಿದು ಮುಗಿದ ಗಂಧದಕಡ್ಡಿಯ ಬುಡಕ್ಕಿಂತ ಒಳ್ಳೆಯ ಕಂಬಿ ಇಲ್ಲ. ನಮ್ಮ ಮನೆಯ ಕಡ್ಡಿ ಸಾಲದೆ, ದೇವಸ್ಥಾನದಲ್ಲಿ ಬಾಳೆಹಣ್ಣಿಗೆ ಚುಚ್ಚಿಟ್ಟ ಕಡ್ಡಿಗಳನ್ನು ಆರಿದ ಮೇಲೆ ಆಯ್ದುಕೊಂಡು ಸೆರಗಿನಲ್ಲಿ ಕಟ್ಟಿ ತರತೊಡಗಿದೆ.

ಹಿಂದಿನ ಬೀದಿಯ ಹೆಂಗಸೊಬ್ಬರು ನಾಲ್ಕು ಸೋಮವಾರ ನೋಡಿ, ಐದನೆಯ ಸೋಮವಾರ ಪಕ್ಕಕ್ಕೆ ಕರೆದರು. ಎಷ್ಟು ಕಡ್ಡಿ ಆಯಬೇಕು, ಯಾವ ವಾರ ಶುರು ಮಾಡಬೇಕು ಎಂದು ಕೇಳಿದರು. ಮದುವೆಯಾಗಿ ಆರು ವರ್ಷವಾದರೂ ಅವರ ಸೊಸೆಗೆ ಮಗುವಾಗಿರಲಿಲ್ಲ. ಇದು ಹರಕೆಯಲ್ಲ, ಗೊಂಬೆ ಮನೆಯ ಮೆಟ್ಟಿಲಿಗೆ ಎಂದು ಹೇಳಿದೆ. ನಾನು ಗುಟ್ಟು ಮುಚ್ಚಿಡುತ್ತಿದ್ದೇನೆಂದು ಅವರು ನೊಂದುಕೊಂಡರು. "ಹೆಮ್ಮರಗಾಲದ ಸ್ವಾಮಿಗೂ ಹೇಳ್ಕೊಂಡಿದ್ದೀವಿ. ಇದೂ ಒಂದಿರಲಿ ಬಿಡಿ" ಎಂದು ಅವರೂ ಆಯತೊಡಗಿದರು.

ಮರುವರ್ಷ ಅವರ ಮನೆಯಿಂದ ಹಿಟ್ಟಿನ ಡಬ್ಬದ ತುಂಬ ಕಡ್ಡಿ ಬಂತು, ಜೊತೆಗೆ ಮೊಮ್ಮಗನ ನಾಮಕರಣದ ಆಹ್ವಾನ ಪತ್ರಿಕೆ. ಅಲ್ಲಿಂದ ಮೂರು ತಿಂಗಳು ನನ್ನ ಕೈಗೆ ದೇವಸ್ಥಾನದಲ್ಲಿ ಒಂದು ಕಡ್ಡಿ ಸಿಗಲಿಲ್ಲ. ಊರಿನ ಅತ್ತೆಯರೆಲ್ಲ ನನಗಿಂತ ಮುಂಚೆ ಬಂದು ಆಯ್ದುಕೊಂಡು ಹೋಗಿರುತ್ತಿದ್ದರು.

೨. ಸೆಟ್ಟಿಯ ಕಷ್ಟ

ಗೊಂಬೆ ಇಟ್ಟ ಮೇಲೆ ಅಂಗಡಿ ಹರಡಿಕೊಂಡ ಸೆಟ್ಟಿ ಇರಲೇಬೇಕು. ನಮ್ಮ ಸೆಟ್ಟಿ ಮಣ್ಣಿನವನು, ಹೊಟ್ಟೆ ಬೇರೆ ದೊಡ್ಡದು. ಅವನನ್ನು ಮೆಟ್ಟಿಲ ಮೇಲೆ ನಿಲ್ಲಿಸಲು ಹೋದರೆ ಎರಡು ಕಟಕಟೆಯ ನಡುವೆ ಸಿಕ್ಕಿಕೊಂಡ. ಅಗಲ ಮಾಡು ಎಂದರು ನಮ್ಮನೆಯವರು. ತವರಿನ ಮೆಟ್ಟಿಲು ಇದ್ದದ್ದೇ ಇಷ್ಟು ಇಕ್ಕಟ್ಟು, ಸೆಟ್ಟಿಗೋಸ್ಕರ ಅದನ್ನು ಬದಲಾಯಿಸಲಾರೆ ಎಂದೆ. ಸೆಟ್ಟಿ ಕೆಳಗೇ ಕೂತ.

ಪಕ್ಕದ ಮನೆಯಾಕೆ ಗೊಂಬೆ ನೋಡಲು ಬಂದರು. ಆಕೆಯದೂ ತುಂಬಿದ ಮೈಕಟ್ಟು. ಮೆಟ್ಟಿಲನ್ನೂ ಸೆಟ್ಟಿಯನ್ನೂ ಬಹಳ ಹೊತ್ತು ನೋಡಿ, "ನಮ್ಮಂಥೋರಿಗೆ ಒಂದು ಲಿಫ್ಟ್ ಇಡಬಾರದೇನ್ರೀ?" ಅಂದರು.

ನಮ್ಮನೆಯವರಿಗೆ ಅಷ್ಟೇ ಸಾಕಾಯಿತು. ಮರುವರ್ಷ ದಾರದ ಉರುಳೆ, ಸೋಪಿನ ಡಬ್ಬಿ ಸೇರಿಸಿ ಲಿಫ್ಟ್ ಮಾಡಿಟ್ಟರು. ಒಂಬತ್ತು ದಿನವೂ ಮಕ್ಕಳು ಸೆಟ್ಟಿಯನ್ನು ಏರಿಸಿ ಇಳಿಸಿದ್ದೇ ಇಳಿಸಿದ್ದು. ನನ್ನ ಪುಸ್ತಕದಲ್ಲಿ ಆ ವರ್ಷದ ದಾಖಲೆ ಹೀಗಿದೆ: "ಬಂದವರು ಐವತ್ತೆಂಟು. ಮೆಟ್ಟಿಲು ನೋಡಿದವರು ಯಾರೂ ಇಲ್ಲ."

೩. ಲಾಭ, ನಷ್ಟ

ಸೂರು ಸೋರುತ್ತಿದೆಯೆಂದು ಬದನವಾಳಿನ ಗಾರೆ ಮೇಸ್ತ್ರಿಯೊಬ್ಬರನ್ನು ಕರೆಸಿದ್ದೆವು. ಕೆಲಸ ಮುಗಿಸಿ ಗೊಂಬೆಗೆ ಕೈಮುಗಿದವರು ಪುಟ್ಟ ಮೆಟ್ಟಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ಎಣಿಸತೊಡಗಿದರು. ಮೊದಲ ಮೆಟ್ಟಿಲು ಲಾಭ, ಎರಡನೆಯದು ನಷ್ಟ, ಹೀಗೆ ಎಣಿಸಿಕೊಂಡು ಹೋದರೆ ಕೊನೆಯದು ಲಾಭಕ್ಕೇ ಬರಬೇಕು ಎನ್ನುವುದು ಮನೆ ಕಟ್ಟುವವರ ಲೆಕ್ಕ.

"ತಪ್ಪು ತಿಳ್ಕಬ್ಯಾಡಿ ಕಣಮ್ಮಾ. ನಷ್ಟಕ್ಕೆ ನಿಂತದೆ."

ಹನ್ನೆರಡೇ ಸರಿ ಎಂದೆ. ಚಿಕ್ಕಂದಿನಲ್ಲಿ ಅಣ್ಣ, ನಾನು ಮೆಟ್ಟಿಲಿಗೊಂದು ಮಾಸದ ಹೆಸರು ಹೇಳಿಕೊಂಡು ಹತ್ತುತ್ತಿದ್ದೆವು. ಚೈತ್ರದಲ್ಲಿ ಕಾಲಿಟ್ಟರೆ ಫಾಲ್ಗುಣಕ್ಕೆ ಅಟ್ಟ. ನಾನು ಎಲ್ಲವನ್ನೂ ಬರೆದಿಡುವವಳು, ತಪ್ಪಲು ಸಾಧ್ಯವೇ ಇಲ್ಲ ಎಂದೆ.

"ಆ ಮನೆ ಈಗ ಅದಾ?"

"ಇಲ್ಲ. ಕೆಡವಿದರು."

"ನೋಡಿ ಮತ್ತೆ."

ಒಳಗೆ ಹೋಗಿ ತಟ್ಟೆಯಲ್ಲಿ ಎರಡು ಚಕ್ಕುಲಿ ತಂದಿಟ್ಟೆ. ಮೇಸ್ತ್ರಿ ಒಂದನ್ನು ಮುಟ್ಟಿ ಲಾಭ ಎಂದರು, ಇನ್ನೊಂದನ್ನು ಮುಟ್ಟಿ ನಷ್ಟ ಎಂದರು. ಆಮೇಲೆ ನನ್ನ ಮುಖ ನೋಡುತ್ತಾ ಕೂತರು. ಮೂರನೆಯದನ್ನು ತಂದುಕೊಟ್ಟೆ.

೪. ಮಾಘಕ್ಕೇ ಅಟ್ಟ

ಎರಡು ಸಾವಿರದ ಎರಡರ ದಸರಾದಲ್ಲಿ, ಮೂರನೆಯ ದಿನ ಬೆಳಿಗ್ಗೆ, ಹೇಳದೆ ಕೇಳದೆ ಅಣ್ಣ ಬಾಗಿಲಲ್ಲಿ ನಿಂತಿದ್ದ. ಏಳು ವರ್ಷದ ಮೇಲೆ. ಗೊಂಬೆ ನೋಡೋಣ ಅಂತ ಬಂದೆ ಎಂದ. ಗೊಂಬೆ ನೋಡಲು ಬರುವ ಮಕ್ಕಳಿಗೆ ಹೇಳುವ ಹಾಗೆ, ಬನ್ನಿ ಕೂತ್ಕೊಳ್ಳಿ ಎಂದೆ.

ಪುಟ್ಟ ಮನೆಯ ಮುಂದೆ ಕೂತವನು ತೋರುಬೆರಳು, ನಡುಬೆರಳನ್ನು ಕಾಲು ಮಾಡಿಕೊಂಡು ಮೆಟ್ಟಿಲು ಹತ್ತಿಸತೊಡಗಿದ. ಚೈತ್ರ, ವೈಶಾಖ, ಜ್ಯೇಷ್ಠ. ಆಶ್ವಯುಜದವರೆಗೆ ಸಲೀಸಾಗಿ ಬಂದ ಬೆರಳು ಒಂದು ಹಲಗೆ ಬಿಟ್ಟು ಟಣಕ್ಕನೆ ಕಾರ್ತಿಕಕ್ಕೆ ಹಾರಿತು.

"ಮಾಘಕ್ಕೇ ಅಟ್ಟ ಬಂತಲ್ಲೇ. ಫಾಲ್ಗುಣ ಎಲ್ಲಿ?"

ನೀನು ಹಾರಿದೆ, ಅದಕ್ಕೇ ಎಂದೆ. ಹಾಗಾದರೆ ಕಣ್ಣು ಮುಚ್ಚಿಕೊಂಡು ನೀನೇ ಹತ್ತು ಎಂದ. ಹತ್ತಿದೆ. ಆಶ್ವಯುಜ ಆದದ್ದೇ ನನ್ನ ಬೆರಳೂ ಹಾರಿತು.

ತವರಿನಲ್ಲಿ ಎಂಟನೆಯ ಮೆಟ್ಟಿಲು ಮುರಿದಿತ್ತು. ಅಪ್ಪ ರಿಪೇರಿ ಮಾಡಿಸುತ್ತೇನೆಂದು ಹೇಳುತ್ತಲೇ ಇದ್ದರು. ನಾವು ಹಾರುತ್ತಲೇ ಇದ್ದೆವು. ಅದರ ಪಾಲಿಗೆ ಮಾಸವೂ ಇರಲಿಲ್ಲ, ನನ್ನ ಪುಸ್ತಕದಲ್ಲಿ ಜಾಗವೂ ಇರಲಿಲ್ಲ. ಅದೂ ಸೇರಿ ಹದಿಮೂರು. ಅಪ್ಪ ಕಟ್ಟಿಸಿದ್ದು ಲಾಭಕ್ಕೇ.

ಅಣ್ಣ ನನ್ನ ಕಡೆ ನೋಡದೆ, ಮೆಟ್ಟಿಲನ್ನೇ ನೋಡುತ್ತಾ ಹೇಳಿದ: "ಎಲ್ಲಿಟ್ಕೋತೀಯ ಅಂತ ಕೇಳಿದ್ನಲ್ಲ. ನಂಗೆ ಗೊತ್ತಾಗ್ಲಿಲ್ಲ ಕಣೇ."

ನಾನು ಬ್ಲೇಡು, ಅಂಟು, ರಟ್ಟು ತಂದು ಅವನ ಮುಂದಿಟ್ಟೆ. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಾಗಿದ್ದವನು ಎರಡು ದಿನ ಉಳಿದ. ಹದಿಮೂರು ಮೆಟ್ಟಿಲು ಕೂರಿಸಿ, ಎಂಟನೆಯದನ್ನು ಸರಿಯಾಗಿ ಬಲಗಡೆಗೆ ಮುರಿದೆವು.

ಜಗಳ ಶುರುವಾದದ್ದು ದಾಖಲೆ ಬರೆಯುವಾಗ. "ಎಂಟನೆಯದನ್ನು ಮುರಿದವರು: ಅಣ್ಣ" ಎಂದು ಬರೆದೆ. ಅವನು ಕನ್ನಡಕ ಹಾಕಿಕೊಂಡು ಓದಿದ. ಚಿಕ್ಕಂದಿನಲ್ಲಿ ಅಟ್ಟದಿಂದ ಹುಣಸೆಹಣ್ಣಿನ ಮಡಕೆ ಉರುಳಿಸಿ ಮುರಿದವಳು ನೀನು ಎಂದ. ನನ್ನ ಪುಸ್ತಕದಲ್ಲಿ ಹಾಗಿಲ್ಲ ಎಂದೆ.

"ಪುಸ್ತಕ ಬರೆದೋಳು ಯಾರು?"

ಸಂಜೆಯವರೆಗೆ ಇದೇ ಆಯಿತು. ಏಳು ವರ್ಷದ ಮಾತೆಲ್ಲ ಈ ಒಂದು ಮೆಟ್ಟಿಲಿನ ಮೇಲೆ ಖರ್ಚಾಯಿತು. ನಾನು ಅದನ್ನು ಮುಗಿಸುವ ಆತುರದಲ್ಲಿರಲಿಲ್ಲ, ಅವನೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಗೊಂಬೆ ನೋಡಲು ಬಂದರು. ಮುರಿದ ಮೆಟ್ಟಿಲನ್ನು ಕಂಡರು. ಅದರ ನೇರ ಕೆಳಗೆ ಕೂತಿದ್ದ ಸೆಟ್ಟಿಯನ್ನು ಕಂಡರು. ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ಪಾಪ, ಕೊನೆಗೂ ಹತ್ತೋಕೆ ಹೋದ್ನಾ?" ಅಂದರು.

ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆ ಪುಟ ಈಗಲೂ ಹಾಗೇ ಇದೆ. "ಅಣ್ಣ" ಎಂಬ ಹೆಸರಿಗೆ ಒಂದು ಗೀಟು, ಪಕ್ಕದಲ್ಲಿ ಅವನ ಕೈಬರಹದಲ್ಲಿ "ಸೆಟ್ಟಿ", ಕೆಳಗೆ ನಮ್ಮಿಬ್ಬರ ರುಜು.