ಏರಿಯಿಂದ ಜಾಲಿ ಮರದವರೆಗೆ

ನೀರಿಲ್ಲದ ಕಡೆ ಗಾಳ ಹಾಕುವ ವಿದ್ಯೆ ಬಲ್ಲವರು ನಮ್ಮ ಸೀಮೆಯಲ್ಲಿ ಒಬ್ಬರೇ, ನನ್ನ ಸೋದರಮಾವ. ನಂಬಿಕೆ ಇಲ್ಲವೇ? ಚಳ್ಳಕೆರೆಯಲ್ಲಿ ಕೇಳಿ ನೋಡಿ. ಶೇಂಗಾ ಕಿತ್ತ ಬೋಳು ಹೊಲದಲ್ಲಿ ನಿಂತು ಕೆಂಪು ಮಣ್ಣಿನ ಮೇಲೆ ಗಾಳದ ದಾರ ಎಸೆಯುವವರು ಯಾರು ಎಂದರೆ, "ಮೋಟರ್ ಅಂಗಡಿ ಅಣ್ಣನಾ? ಅಗಾ, ಅಲ್ಲೇ ಅವ್ನೆ" ಎಂದು ನಗುತ್ತಲೇ ದಾರಿ ತೋರಿಸುತ್ತಾರೆ.

ಸುಟ್ಟ ಪಂಪ್‌ಸೆಟ್ ಮೋಟರಿಗೆ ತಾಮ್ರದ ತಂತಿ ಸುತ್ತುವುದು ಮಾವನ ಕಸುಬು. ಅಂಗಡಿ ಚಳ್ಳಕೆರೆಯಲ್ಲಿ, ಮನೆ ಇರುವುದು ಬಿ.ಜಿ. ಕೆರೆಯ ಹತ್ತಿರ. ಹೋದ ಮಳೆಗಾಲ ಅಲ್ಲಿಯ ಕೆರೆ ತುಂಬಿ, ಒಣಗಿದ್ದ ಅಂಗಳದಲ್ಲಿ ಬೆಳೆದಿದ್ದ ಜಾಲಿ ಮರವೊಂದು ಕುತ್ತಿಗೆಮಟ್ಟ ಮುಳುಗಿತು. ದೊಡ್ಡ ಮೀನುಗಳೆಲ್ಲ ಅದರ ಬುಡದಲ್ಲೇ ಬಿಡಾರ ಹೂಡಿವೆ. ಏರಿಯ ಮೇಲಿನ ಬೇವಿನ ಮರದಡಿ ನಿಂತು ಎಸೆದ ಗಾಳ ಆ ಜಾಲಿಯ ಪಕ್ಕ ಬೀಳಬೇಕು, ಮಾವನಿಗೆ ಇದೊಂದೇ ಹಟ. ಆಚೆ ದಂಡೆಗೆ ಇಳಿದರೆ ಜಾಲಿ ಕೂಗಳತೆಯೂ ಅಲ್ಲ, ಕೈಯಳತೆ! ಊರಿನವರು ಅಲ್ಲೇ ಕೂತು ಬಿದಿರು ಕೋಲಿನಲ್ಲಿ ಮೀನು ಎತ್ತುತ್ತಾರೆ. ಮಾವ ಮಾತ್ರ ಏರಿ ಬಿಟ್ಟು ಕದಲುವುದಿಲ್ಲ.

ಅದಕ್ಕೆಂದು ಗಾಳದ ಕೋಲಿಗೆ ಕೂರಿಸುವ ಒಂದು ರೀಲು ತರಿಸಿದ. ಹೊಸ ದಾರವನ್ನು ಎಳೆಯ ಪಕ್ಕ ಎಳೆ ಇಟ್ಟು ಎಷ್ಟು ಚೆಂದ ಸುತ್ತಿದನೆಂದರೆ ನೋಡಲು ಎರಡು ಕಣ್ಣು ಸಾಲದು. ಸುತ್ತಿ ಮುಗಿಸಿದವನೇ, ಕೈಯ ಅಭ್ಯಾಸ ನೋಡಿ, ಮೋಟರ್ ಕಾಯಿಲಿಗೆ ಬಳಿಯುವಂತೆ ಅದಕ್ಕೂ ವಾರ್ನಿಶ್ ಬಳಿದು ಬಿಸಿಲಿಗಿಟ್ಟ! ಭಾನುವಾರ ಏರಿಯ ಮೇಲೆ ಬೀಸಿ ಎಸೆದರೆ ದಾರ ಒಂದು ಗೇಣೂ ಕದಲಲಿಲ್ಲ.

"ಮೋಟರ್ ಆಗಿದ್ರೆ ಜನ್ಮದಲ್ಲಿ ಸುಡ್ತಿರ್ಲಿಲ್ಲ ಬಿಡು" ಅಂದ ಮಾವ, ಸ್ವಲ್ಪವೂ ನಾಚದೆ.

ಮತ್ತೆ ಹೊಸ ದಾರ ಬಂತು. ಈ ಸಲ ಅದು ಓಡಿತು, ಬೇಕಾದ್ದಕ್ಕಿಂತ ಜೋರಾಗಿಯೇ ಓಡಿತು. ಈ ರೀಲಿನ ಗುಣವೇ ಹಾಗೆ. ಎಸೆದಾಗ ಉರುಳೆ ಗಿರ್ರನೆ ತಿರುಗುತ್ತದೆ; ಹೆಬ್ಬೆರಳಿನಿಂದ ಹದವಾಗಿ ತಡೆಯದಿದ್ದರೆ ದಾರವೆಲ್ಲ ಒಳಗೇ ಉಕ್ಕಿ ಗೀಜಗನ ಗೂಡಾಗುತ್ತದೆ. ಅದನ್ನು ಬಿಡಿಸುವ ಖಾತೆ ಅತ್ತೆಯದು. ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ರೇಷ್ಮೆ ಎಳೆ ಬಿಡಿಸಿಕೊಂಡೇ ಬೆಳೆದವಳು. ಬೇವಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಗೂಡನ್ನು ಮಡಿಲಲ್ಲಿಟ್ಟುಕೊಂಡು ಗೊಣಗುವಳು:

"ಏಮಯ್ಯಾ, ನೀನು ಮೀನು ಹಿಡಿಯೋಕೆ ಬಂದೀಯೋ, ನಂಗೆ ಕೆಲ್ಸ ಕೊಡೋಕೆ ಬಂದೀಯೋ?"

ಆಮೇಲೆ ಶುರುವಾಯಿತು ಚಳ್ಳಕೆರೆ ಹೊಲದ ತಾಲೀಮು. ಗಾಳದ ಬದಲು ಕಬ್ಬಿಣದ ನಟ್ಟು. ರೀಲಿಗೆ ಹನಿ ಎಣ್ಣೆ, ಇನ್ನೂ ಸಣ್ಣ ದಾರ, ಉರುಳೆ ತಡೆಯುವ ಬಿರಿಯನ್ನು ದಿನಕ್ಕಿಷ್ಟು ಸಡಿಲ ಮಾಡುವುದು, ಗಾಳಿಗೆ ಬೆನ್ನು ಕೊಟ್ಟು ನಿಲ್ಲುವುದು. ಒಮ್ಮೆ ನಟ್ಟು ಹಾರಿಹೋಗಿ ದಾರವೆಲ್ಲ ಕುರಿಮಂದೆಗೆ ಸುತ್ತಿಕೊಂಡಿತು. ಕುರಿ ಕಾಯುವವನು ಕೋಪಿಸಿಕೊಳ್ಳಲಿಲ್ಲ.

"ಅಣ್ಣಾ, ಕುರಿ ಬೇಕಿದ್ರೆ ಬಾಯ್ಬಿಟ್ಟು ಕೇಳು. ಗಾಳ ಯಾಕೆ ಹಾಕ್ತೀಯಾ?"

ಮಾವ ಅವನನ್ನೇ ದೂರ ಅಳೆಯಲು ನಿಲ್ಲಿಸಿಕೊಂಡ. ಇಂಥ ಮಾವನನ್ನು ಮೆಚ್ಚದೆ ಇರುವುದು ಹೇಗೆ, ನೀವೇ ಹೇಳಿ? ಹೆಬ್ಬೆರಳಿನ ಚರ್ಮ ಸುಲಿದು, ಮತ್ತೆ ಬಂದು, ದಪ್ಪಗಟ್ಟಿತು. ದಾರ ದಿನದಿನಕ್ಕೂ ದೂರ ಹೋಗತೊಡಗಿತು.

ಮೊನ್ನೆ ಭಾನುವಾರ ನಾನೂ ಏರಿಗೆ ಹೋಗಿದ್ದೆ. ಮಾವ ಆಟೋದಿಂದ ಮೊದಲು ಕುರ್ಚಿ ಇಳಿಸಿದ, ಆಮೇಲೆ ಅತ್ತೆಯನ್ನು ತೋಳು ಹಿಡಿದು ಇಳಿಸಿ ಕೂರಿಸಿದ. ಮೊದಲೆರಡು ಎಸೆತ ಜಾಲಿಗಿಂತ ಈಚೆಗೇ ಬಿದ್ದವು. ನನಗೆ ತಡೆಯಲಾಗಲಿಲ್ಲ.

"ಆ ದಂಡೆಗೆ ಹೋದ್ರೆ ಸಲೀಸಾಗ್ತೈತಲ್ಲ ಮಾವ. ಯಾಕೆ ಈ ಒದ್ದಾಟ?"

"ಅಲ್ಲಿ ಕೆಸರೈತೆ. ಕುರ್ಚಿ ನಿಲ್ಲಲ್ಲ ಕಣ್ಲೇ."

"ಮೀನು ಹಿಡಿಯೋಕೆ ನಿಂಗ್ಯಾಕೆ ಕುರ್ಚಿ?"

"ನಂಗಲ್ಲ" ಅಂದ.

ನಾನು ಅತ್ತೆಯ ಕಡೆ ನೋಡಿದೆ. ಎರಡು ವರ್ಷದ ಹಿಂದೆ ಅತ್ತೆಯ ಎಡಗಾಲು ಸೋತಿತ್ತು. ಅಲ್ಲಿಯವರೆಗೆ ಮಾವ ಒಬ್ಬನೇ ಊರೂರು ಕೆರೆ ಸುತ್ತಿ ಸಂಜೆಗೆ ಮನೆ ಸೇರುತ್ತಿದ್ದ. ಈಗ ಕುರ್ಚಿ ನಿಲ್ಲುವ ಕಡೆಯೇ ಅವನೂ ನಿಲ್ಲುತ್ತಾನೆ. ದೂರ ಹೋಗುವ ಕೆಲಸವನ್ನು ದಾರಕ್ಕೆ ಒಪ್ಪಿಸಿದ್ದಾನೆ.

ಬೆನ್ನ ಹಿಂದೆ ಗಾಳಿ ಎದ್ದಿತು. ಮಾವ ಬೀಸಿದ. ಹೆಬ್ಬೆರಳು ಉರುಳೆಯನ್ನು ಮುಟ್ಟಿತೋ ಇಲ್ಲವೋ ಅನ್ನುವಂತಿತ್ತು. ದಾರ ಹೋಯಿತು, ಹೋಗುತ್ತಲೇ ಇತ್ತು. ಜಾಲಿಯ ಪಕ್ಕದಲ್ಲೇ ಬುಳಕ್ಕೆಂದಿತು. ರೀಲಿನಲ್ಲಿ ಒಂದೇ ಒಂದು ಗಂಟಿಲ್ಲ.

ಅತ್ತೆ ಖಾಲಿ ಮಡಿಲು ನೋಡಿಕೊಂಡಳು. "ಬಿಡಿಸೋಕೆ ಏನೂ ಇಲ್ವಲ್ಲಯ್ಯಾ. ಇನ್ನು ನಂಗೇನು ಕೆಲ್ಸ?"

ಮಾವ ಕೋಲನ್ನು ಅವಳ ಕೈಗೆ ಕೊಟ್ಟು, ಪಕ್ಕದಲ್ಲಿ ನೆಲದ ಮೇಲೆ ಕೂತ.

"ಮೀನು ಹಿಡಿ."